ಸಿಕ್ಕಿಬಿದ್ದ ಮೇಲೆ ಆಟ ಮುಗಿಯಬೇಕೇ? ಈಚಿನ ಮತ್ತು ಬರಲಿರುವ ಸ್ಟೆಲ್ತ್ ಗೇಮ್‌ಗಳ ಬಗ್ಗೆ ಚರ್ಚೆ

ನೆರಳುಗಾರ

2025ರಲ್ಲಿ ಬಿಡುಗಡೆಯಾದ ಮೂರು ದೊಡ್ಡ ಆಟಗಳನ್ನು ಒಂದಾದ ಮೇಲೊಂದರಂತೆ ಆಡಿ ಮುಗಿಸಿದ್ದೇನೆ. ಮಾರ್ಚ್ 20ರಂದು ಬಂದ ‘ಅಸ್ಯಾಸಿನ್ಸ್ ಕ್ರೀಡ್ ಶ್ಯಾಡೋಸ್’, ಆಗಸ್ಟ್ 28ರಂದು ಬಂದ ‘ಮೆಟಲ್ ಗೇರ್ ಸಾಲಿಡ್ ಡೆಲ್ಟಾ: ಸ್ನೇಕ್ ಈಟರ್’ ಮತ್ತು ಅಕ್ಟೋಬರ್ 2ರಂದು ಬಂದ ‘ಘೋಸ್ಟ್ ಆಫ್ ಯೋಟೇ’. ಮೂರರಲ್ಲೂ ಶತ್ರುವಿನ ಕಣ್ಣು ತಪ್ಪಿಸಿ ನಡೆಯುವುದಿದೆ, ಮೂರರಲ್ಲೂ ಎದುರು ನಿಂತು ಹೊಡೆದಾಡುವುದೂ ಇದೆ. ಇವುಗಳನ್ನು ಆಡುತ್ತ ಆಡುತ್ತ ನನ್ನಲ್ಲಿ ಒಂದು ಅಭಿಪ್ರಾಯ ಗಟ್ಟಿಯಾಯಿತು. ಸ್ಟೆಲ್ತ್ ಆಟವೊಂದರ, ಅಂದರೆ ಅಡಗಿ ಸಾಗುವ ಆಟದ, ನಿಜವಾದ ಪರೀಕ್ಷೆ ನಾವು ಎಷ್ಟು ಚೆನ್ನಾಗಿ ಅಡಗಿಕೊಳ್ಳಬಹುದು ಎನ್ನುವುದರಲ್ಲಿಲ್ಲ. ಕಾವಲುಗಾರನ ಕಣ್ಣಿಗೆ ಬಿದ್ದ ಆ ಗಳಿಗೆಯ ನಂತರ ಆಟ ನಮ್ಮನ್ನು ಏನು ಮಾಡಲು ಬಿಡುತ್ತದೆ ಎನ್ನುವುದರಲ್ಲಿದೆ.

ಶ್ಯಾಡೋಸ್ ಅಡಗುವ ವಿಷಯದಲ್ಲಿ ಬಹಳ ವರ್ಷಗಳ ನಂತರ ಸಿಕ್ಕ ಒಳ್ಳೆಯ ಆಟ. ಜಪಾನಿನ ಇಗಾ ಪ್ರಾಂತ್ಯದ ಶಿನೋಬಿ, ಅಂದರೆ ನಿಂಜಾ ಹುಡುಗಿ ನಾಓಯೆ ದೀಪಗಳನ್ನು ಆರಿಸಬಲ್ಲಳು, ನೆಲಕ್ಕೆ ಮಲಗಿ ತೆವಳಬಲ್ಲಳು, ಕಾಗದದ ಬಾಗಿಲಿನ ಆಚೆ ನಿಂತವನನ್ನು ಈಚೆಯಿಂದಲೇ ಇರಿಯಬಲ್ಲಳು. ನನಗೆ ಮರೆಯಲಾಗದ ಸನ್ನಿವೇಶವೊಂದಿದೆ. ಬೇಸಿಗೆಯಲ್ಲಿ ಒಂದು ಕೋಟೆಯ ಕೊಳಕ್ಕಿಳಿದು, ಬಿದಿರಿನ ಕೊಳವೆಯಿಂದ ಉಸಿರಾಡುತ್ತ ನೀರಿನಡಿಯಲ್ಲೇ ಕಾದಿದ್ದೆ. ಕೆಲವು ಗಂಟೆಗಳ ಆಟದ ಬಳಿಕ ಅದೇ ಜಾಗಕ್ಕೆ ಮರಳಿದಾಗ ಚಳಿಗಾಲ ಬಂದು ಕೊಳದ ನೀರು ಹೆಪ್ಪುಗಟ್ಟಿತ್ತು. ನಾನು ನೆಚ್ಚಿಕೊಂಡಿದ್ದ ದಾರಿಯೇ ಮುಚ್ಚಿಹೋಗಿ, ಇಡೀ ಕೋಟೆಯನ್ನು ಹೊಸದಾಗಿ ಓದಬೇಕಾಯಿತು.

ಆದರೆ ಕಣ್ಣಿಗೆ ಬಿದ್ದ ಮೇಲೆ ಇದೇ ಆಟ ಬಡವಾಗುತ್ತದೆ. ಗಂಟೆ ಬಾರಿಸುತ್ತಾರೆ, ಜನ ಓಡಿಬರುತ್ತಾರೆ, ನಾವು ಹೊಡೆದಾಡುತ್ತೇವೆ ಅಥವಾ ಚಾವಣಿ ಹತ್ತಿ ಓಡುತ್ತೇವೆ. ಸ್ವಲ್ಪ ಹೊತ್ತಿಗೆ ಎಲ್ಲರೂ ತಮ್ಮ ತಮ್ಮ ಗಸ್ತಿಗೆ ಮರಳುತ್ತಾರೆ, ಅಂಗಳದಲ್ಲಿ ಏನೂ ನಡೆದಿಲ್ಲವೆಂಬಂತೆ. ನಿಮ್ಮ ಅನುಭವ ಹೇಗಿದೆ? 2026ರಲ್ಲಿ ಬರುವ ಆಟಗಳಿಂದ ಏನನ್ನು ನಿರೀಕ್ಷಿಸುತ್ತಿದ್ದೀರಿ? ಸಾಧ್ಯವಾದರೆ ನಿರ್ದಿಷ್ಟ ಉದಾಹರಣೆಗಳೊಂದಿಗೆ ಬರೆಯಿರಿ.

ಒಂಟಿಕತ್ತಿ

ನೆರಳುಗಾರ ಅವರೇ, ನಿಮ್ಮ ಮಾತನ್ನು ಅರ್ಧ ಒಪ್ಪುತ್ತೇನೆ. ಹೊಡೆದಾಟವನ್ನು ಸೋಲಿನ ಸಮಾಧಾನ ಎಂಬಂತೆ ನೋಡುವುದು ಮಾತ್ರ ನನಗೆ ಸರಿ ಕಾಣುವುದಿಲ್ಲ. ಯೋಟೇ ಆಟವನ್ನು ನಾನು ಎರಡು ಸಲ ಆಡಿದ್ದೇನೆ. 1603ರ ಎಜೋ ನಾಡಿನಲ್ಲಿ, ಅಂದರೆ ಇಂದಿನ ಹೊಕ್ಕೈಡೋದಲ್ಲಿ, ತನ್ನ ಕುಟುಂಬವನ್ನು ಕೊಂದ ಆರು ಮಂದಿಯನ್ನು ಹುಡುಕಿಕೊಂಡು ಹೊರಟ ಅತ್ಸು ಎಂಬ ಹೆಣ್ಣಿನ ಕತೆ ಅದು. ಅಲ್ಲಿ ಈಟಿ ಹಿಡಿದವನಿಗೆ ಜೋಡಿಕತ್ತಿ, ಗುರಾಣಿ ಹಿಡಿದವನಿಗೆ ಸರಪಳಿಗೆ ಕಟ್ಟಿದ ಕುಡುಗೋಲಿನಂಥ ಕುಸಾರಿಗಾಮ, ದೈತ್ಯದೇಹಿಗೆ ಓದಾಚಿ ಎಂಬ ಉದ್ದನೆಯ ಖಡ್ಗ, ಹೀಗೆ ಪ್ರತಿಯೊಂದು ಆಯುಧಕ್ಕೂ ಒಂದು ಉತ್ತರವಿದೆ. ಐದಾರು ಜನ ಸುತ್ತುವರಿದಾಗ ಯಾರ ಕೈಯಲ್ಲಿ ಏನಿದೆ ಎಂದು ನೋಡಿ, ಹೊಡೆತದ ನಡುವೆಯೇ ಆಯುಧ ಬದಲಿಸಬೇಕು. ಅಡಗಿ ಕುಳಿತವನು ಕಾವಲುಗಾರನ ಹೆಜ್ಜೆಗಳನ್ನು ಓದುತ್ತಾನೆ. ಎದುರು ನಿಂತವನು ಅವನ ಭುಜವನ್ನೂ ಮಣಿಕಟ್ಟನ್ನೂ ಓದುತ್ತಾನೆ. ಎರಡೂ ಓದುವಿಕೆಯೇ.

ಶ್ಯಾಡೋಸ್‌ನ ಯಾಸುಕೆಯನ್ನು ನೀವು ಹೆಸರಿಸಿಯೇ ಇಲ್ಲ. ಜಪಾನಿನ ದಂಡನಾಯಕ ಓದಾ ನೊಬುನಾಗನ ಸೇವೆಯಲ್ಲಿದ್ದ ಆಫ್ರಿಕಾ ಮೂಲದ ಆ ಯೋಧ ಇತಿಹಾಸದಲ್ಲಿ ನಿಜವಾಗಿ ಇದ್ದವನು. ಆಟದಲ್ಲಿ ಅವನಿಗೆ ನೆರಳಿನ ಹಂಗಿಲ್ಲ. ಅವನು ಓಡಿಬಂದು ಡಿಕ್ಕಿ ಹೊಡೆದರೆ ಮುಚ್ಚಿದ ಬಾಗಿಲು ಚೂರಾಗುತ್ತದೆ. ಒಂದೇ ಕೋಟೆಯನ್ನು ನಾಓಯೆಯಾಗಿ ಒಮ್ಮೆ, ಯಾಸುಕೆಯಾಗಿ ಇನ್ನೊಮ್ಮೆ ಹೊಕ್ಕು ನೋಡಿ. ಗೋಡೆಗಳು ಅವೇ, ಜಾಗ ಮಾತ್ರ ಬೇರೆಯೇ ಆಗಿ ಕಾಣುತ್ತದೆ.

ಮುಂದಿನ ಆಟಗಳಲ್ಲಿ ನಾನು ಕಾಯುತ್ತಿರುವುದು ಚೀನಾದ ‘ಫ್ಯಾಂಟಮ್ ಬ್ಲೇಡ್ ಝೀರೋ’ ಮತ್ತು ಕ್ಯಾಪ್ಕಾಮ್‌ನ ‘ಒನಿಮುಶಾ: ವೇ ಆಫ್ ದ ಸ್ವೋರ್ಡ್’ ಎರಡನ್ನು.

ತೊಂಬತ್ತೆಂಟರ ಕಳ್ಳ

ನನ್ನ ಬಳಕೆಯ ಹೆಸರೇ ಹೇಳುವಂತೆ ನಾನು 1998ರ ‘ಥೀಫ್: ದ ಡಾರ್ಕ್ ಪ್ರಾಜೆಕ್ಟ್’ ಆಟದಿಂದ ಈ ದಾರಿಗೆ ಬಂದವನು. ಲುಕಿಂಗ್ ಗ್ಲಾಸ್ ಸ್ಟುಡಿಯೋಸ್ ಮಾಡಿದ ಆ ಆಟವನ್ನು ನನ್ನ ಅಣ್ಣನ ಕಂಪ್ಯೂಟರಿನಲ್ಲಿ, ಮನೆಯವರು ಮಲಗಿದ ಮೇಲೆ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಆಡುತ್ತಿದ್ದೆ. ಹೆಡ್‌ಫೋನ್ ವಿಷಯ ಸುಮ್ಮನೆ ಹೇಳುತ್ತಿಲ್ಲ. ಆ ಆಟದ ಅರ್ಧ ಜೀವ ಕಿವಿಯಲ್ಲಿತ್ತು. ಹಂಚಿನ ನೆಲದ ಮೇಲೆ ನಡೆದರೆ ಟಕಟಕ ಎಂದು ಮೂರು ಕೋಣೆಗಳಾಚೆಗೂ ಕೇಳುತ್ತದೆ, ರತ್ನಗಂಬಳಿಯ ಮೇಲೆ ಕೇಳುವುದಿಲ್ಲ. ಗಟ್ಟಿ ನೆಲಕ್ಕೆ ಪಾಚಿಯ ಬಾಣ ಬಿಟ್ಟು ಹೆಜ್ಜೆಗೆ ಮೆತ್ತನೆಯ ಹಾಸು ಮಾಡಿಕೊಳ್ಳಬಹುದು, ನೀರಿನ ಬಾಣದಿಂದ ಪಂಜು ಆರಿಸಬಹುದು. ಪರದೆಯ ಕೆಳಗೆ ಒಂದು ಹರಳು ಇರುತ್ತಿತ್ತು. ನಾವು ಬೆಳಕಿಗೆ ಬಂದರೆ ಹೊಳೆಯುತ್ತಿತ್ತು, ಕತ್ತಲಿಗೆ ಸರಿದರೆ ಮಂಕಾಗುತ್ತಿತ್ತು. ಶ್ಯಾಡೋಸ್‌ನಲ್ಲಿ ನಾಓಯೆ ಕಾಣುತ್ತಿದ್ದಾಳೋ ಇಲ್ಲವೋ ಎಂದು ಹೇಳುವ ಸೂಚಕವನ್ನು ನೋಡಿದ ಕೂಡಲೇ ನನಗೆ ಆ ಹರಳು ನೆನಪಾಯಿತು.

ಆ ಆಟದ ಕಾವಲುಗಾರರಿಗೆ ಒಂದೇ ದೃಷ್ಟಿವಲಯವಲ್ಲ, ಶಂಕುವಿನಾಕಾರದ ಹಲವು ದೃಷ್ಟಿವಲಯಗಳಿದ್ದವು. ನೇರ ಎದುರಿಗಿರುವುದನ್ನು ಬೇಗ ಗುರುತಿಸುವ ವಲಯ ಬೇರೆ, ಕಡೆಗಣ್ಣಿಗೆ ಏನೋ ಅಲುಗಿದಂತೆ ಕಾಣುವ ವಲಯ ಬೇರೆ. ಶಬ್ದವೂ ಗೋಡೆ ತೂರಿ ನೇರಗೆರೆಯಲ್ಲಿ ಹೋಗುತ್ತಿರಲಿಲ್ಲ; ಬಾಗಿಲಿಂದ ಬಾಗಿಲಿಗೆ, ಕೋಣೆಯಿಂದ ಕೋಣೆಗೆ ಹರಿದು ಬರುತ್ತಿತ್ತು. ಆದ್ದರಿಂದಲೇ ಕಾವಲುಗಾರನು ಒಮ್ಮೆಲೇ ‘ಕಂಡೆ’ ಎಂದು ಕೂಗುತ್ತಿರಲಿಲ್ಲ. ಏನೋ ಸದ್ದಾಯಿತಲ್ಲ ಎಂದು ಗೊಣಗುತ್ತಿದ್ದ, ನಾಲ್ಕು ಹೆಜ್ಜೆ ಬಂದು ನೋಡುತ್ತಿದ್ದ, ಇಲಿಯಿರಬೇಕು ಎಂದುಕೊಂಡು ಹಿಂದಿರುಗುತ್ತಿದ್ದ. ಕಂಡದ್ದಕ್ಕೂ ಕಾಣದ್ದಕ್ಕೂ ನಡುವೆ ಇಷ್ಟು ಅಗಲವಾದ ಸಂದೇಹದ ಪಟ್ಟಿಯೊಂದು ಇದ್ದದ್ದೇ ಆ ಆಟದ ಹೆಚ್ಚುಗಾರಿಕೆ. ನೆರಳುಗಾರ ಅವರ ಪ್ರಶ್ನೆಗೆ ನನ್ನ ಉತ್ತರವೂ ಅಲ್ಲೇ ಇದೆ. ಕಣ್ಣಿಗೆ ಬಿದ್ದ ನಂತರದ್ದನ್ನು ಸರಿಪಡಿಸುವುದಕ್ಕಿಂತ, ಪೂರ್ತಿ ಕಣ್ಣಿಗೆ ಬೀಳುವ ಮೊದಲಿನ ಆ ಹತ್ತು ಸೆಕೆಂಡುಗಳನ್ನು ಹಿಗ್ಗಿಸಬೇಕು.

‘ಸ್ಪ್ಲಿಂಟರ್ ಸೆಲ್’ ಎಂಬ ಹಳೆಯ ಸ್ಟೆಲ್ತ್ ಆಟದ ಮರುನಿರ್ಮಾಣವನ್ನು 2021ರ ಡಿಸೆಂಬರಿನಲ್ಲಿ ಘೋಷಿಸಿದರು. 2013ರ ‘ಬ್ಲ್ಯಾಕ್‌ಲಿಸ್ಟ್’ ಬಳಿಕ ಆ ಸರಣಿಯ ಹೊಸ ಆಟವೇ ಬಂದಿಲ್ಲ. ಅದಕ್ಕಾಗಿ ನಾನು ಇನ್ನೂ ಕಾಯುತ್ತಿದ್ದೇನೆ.

ದೀಪದ ಕೆಲಸ

ನಾನು ಬೆಂಗಳೂರಿನ ಒಂದು ಸ್ಟುಡಿಯೋದಲ್ಲಿ ಆಟಗಳ ದೃಶ್ಯಗಳಿಗೆ ಬೆಳಕು ಜೋಡಿಸುವ ಕೆಲಸ ಮಾಡುತ್ತೇನೆ. ಈ ಊರಿನಲ್ಲಿ ಈ ಕೆಲಸಕ್ಕೆ ಹಳೆಯ ಬೇರಿದೆ. 1997ರಲ್ಲಿ ಆರಂಭವಾದ ಧ್ರುವ ಇಂಟರ್‌ಆ್ಯಕ್ಟಿವ್ ಬಹಳ ಕಾಲ ಹೊರದೇಶಗಳ ಆಟಗಳಿಗೆ ಇಲ್ಲಿಂದಲೇ ಕಲೆಯ ಕೆಲಸ ಮಾಡಿಕೊಟ್ಟಿತು. 2019ರಲ್ಲಿ ಅದನ್ನು ಆಟ ತಯಾರಿಸುವ ರಾಕ್‌ಸ್ಟಾರ್ ಕಂಪನಿ ಕೊಂಡುಕೊಂಡಿತು. ನಾನು ಇಲ್ಲಿ ಬರೆಯುವುದು ನನ್ನ ಕಸುಬಿನ ಅನುಭವದಿಂದ ಮಾತ್ರ.

ಕಳ್ಳ ಅವರು ಹೇಳಿದ ಆಟದಲ್ಲಿ ಬೆಳಕನ್ನು ಮೊದಲೇ ಲೆಕ್ಕ ಹಾಕಿ, ಗೋಡೆ ನೆಲಗಳ ಮೇಲೆ ಬಣ್ಣ ಬಳಿದಂತೆ ಕೂರಿಸಿರುತ್ತಿದ್ದರು. ಎಲ್ಲಿ ಕತ್ತಲು, ಎಲ್ಲಿ ಬೆಳಕು ಎನ್ನುವುದನ್ನು ವಿನ್ಯಾಸಕಾರನೇ ತೀರ್ಮಾನಿಸಿ ಬಿಟ್ಟಿರುತ್ತಿದ್ದ. ಈ ಮೂಲೆಯಲ್ಲಿ ಆಟಗಾರ ಕಾಯಬಹುದು, ಆ ಓಣಿಯನ್ನು ಓಡಿ ದಾಟಬೇಕು ಎಂದು ಅವನು ಮನಸ್ಸಿನಲ್ಲೇ ನಕ್ಷೆ ಬರೆದುಕೊಂಡಿರುತ್ತಿದ್ದ. ಈಗಿನ ದೊಡ್ಡ ಆಟಗಳಲ್ಲಿ ಸೂರ್ಯ ಚಲಿಸುತ್ತಾನೆ, ಮೋಡ ಕವಿಯುತ್ತದೆ, ಋತು ಬದಲಾಗುತ್ತದೆ. ಬೆಳಕು ಒಂದು ಗೋಡೆಗೆ ಬಡಿದು ಇನ್ನೊಂದಕ್ಕೆ ಚಿಮ್ಮುವುದನ್ನೂ ಯಂತ್ರ ಆ ಕ್ಷಣದಲ್ಲೇ ಲೆಕ್ಕ ಹಾಕುತ್ತದೆ. ನೋಡಲು ಅದು ಅದ್ಭುತ. ಆದರೆ ಚಿಮ್ಮಿದ ಬೆಳಕು ಎಲ್ಲ ಮೂಲೆಗಳಿಗೂ ಸ್ವಲ್ಪ ಸ್ವಲ್ಪ ಹರಡುವುದರಿಂದ ‘ಇದು ಕತ್ತಲು’ ಎಂದು ಖಚಿತವಾಗಿ ಹೇಳುವ ಗೆರೆ ಅಳಿಸಿಹೋಗುತ್ತದೆ. ಆಟಗಾರನ ಕಣ್ಣಿಗೆ ಮಬ್ಬಾಗಿ ಕಂಡ ಜಾಗ ಲೆಕ್ಕದಲ್ಲಿ ಬೆಳಕೆಂದು ಬಂದರೆ ಅವನಿಗೆ ಮೋಸವಾದಂತೆ ಅನಿಸುತ್ತದೆ, ಮತ್ತು ಅನಿಸುವುದು ನ್ಯಾಯವೇ. ಶ್ಯಾಡೋಸ್ ತಂಡವು ಹಳೆಯ ಗೇಮಿಂಗ್ ಯಂತ್ರಗಳನ್ನು ಬಿಟ್ಟು ಹೊಸ ಯಂತ್ರಗಳಿಗಷ್ಟೇ ಆಟ ಮಾಡಿತು, ಬದಲಾಗುವ ಬೆಳಕಿನ ಮೇಲೆಯೇ ಅಡಗುವ ನಿಯಮವನ್ನು ನಿಲ್ಲಿಸಿತು. ಅದು ಎಷ್ಟು ಕಷ್ಟದ ಕೆಲಸ ಎಂದು ನನಗೆ ಗೊತ್ತಿರುವುದರಿಂದ ಆ ತಂಡದ ಬಗ್ಗೆ ನನಗೆ ಬಹಳ ಗೌರವವಿದೆ.

ಕಾವಲುಗಾರರು ಎಲ್ಲವನ್ನೂ ಮರೆತು ಗಸ್ತಿಗೆ ಮರಳುತ್ತಾರೆ ಎಂಬ ದೂರಿಗೂ ಇಂಥದೇ ಕಾರಣವಿದೆ ಎಂದು ನನ್ನ ಎಣಿಕೆ. ಒಮ್ಮೆ ಎಚ್ಚೆತ್ತ ಕೋಟೆ ಕೊನೆಯವರೆಗೂ ಎಚ್ಚರವಾಗಿಯೇ ಉಳಿದರೆ, ಒಂದು ತಪ್ಪು ಮಾಡಿದ ಆಟಗಾರನಿಗೆ ಮುಂದಿನ ಒಂದು ಗಂಟೆ ಶಿಕ್ಷೆಯಾಗುತ್ತದೆ. ಹೆಚ್ಚಿನವರು ಆಗ ಹಳೆಯ ಸೇವ್‌ಗೆ, ಅಂದರೆ ಮೊದಲು ಉಳಿಸಿಟ್ಟ ಹಂತಕ್ಕೆ ಮರಳುತ್ತಾರೆ. ಮರೆವು ಇರಬೇಕು, ಆದರೆ ಅದಕ್ಕೊಂದು ಬೆಲೆಯೂ ಇರಬೇಕು. ಆ ಬೆಲೆ ಎಷ್ಟೆಂದು ತೂಗುವುದೇ ಕಷ್ಟ.

ನೆರಳುಗಾರ

ದೀಪದ ಕೆಲಸ ಅವರೇ, ಚಿಮ್ಮಿದ ಬೆಳಕಿನ ವಿಷಯ ನನಗೆ ತಿಳಿದಿರಲಿಲ್ಲ, ಧನ್ಯವಾದ. ಬೆಲೆಯ ಬಗ್ಗೆ ಹೇಳುವುದಾದರೆ, ಇಪ್ಪತ್ತು ವರ್ಷಕ್ಕೂ ಹಳೆಯ ಆಟವೊಂದು ಅದನ್ನು ಸೊಗಸಾಗಿ ತೂಗಿತ್ತು. ಡೆಲ್ಟಾ ಎನ್ನುವುದು 2004ರ ಮೂರನೆಯ ‘ಮೆಟಲ್ ಗೇರ್ ಸಾಲಿಡ್’ ಆಟದ ಮರುನಿರ್ಮಾಣ. ಮೂಲದ ನಿರ್ದೇಶಕ ಹಿಡಿಯೋ ಕೊಜಿಮಾ ಇದರಲ್ಲಿ ಭಾಗಿಯಲ್ಲ, ಆದರೆ ಹಳೆಯ ಧ್ವನಿಗಳನ್ನೂ ಹಳೆಯ ನಿಯಮಗಳನ್ನೂ ಹಾಗೆಯೇ ಉಳಿಸಿಕೊಂಡಿದ್ದಾರೆ. 1964ರ ಸೋವಿಯತ್ ಕಾಡಿನಲ್ಲಿ ಕಣ್ಣಿಗೆ ಬಿದ್ದರೆ ಮೊದಲು ದಾಳಿ, ಆಮೇಲೆ ಹುಡುಕಾಟ, ಆಮೇಲೆ ಎಚ್ಚರಿಕೆಯ ಗಸ್ತು, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಸ್ಥಿತಿ ಇಳಿಯುತ್ತದೆ. ಅದಕ್ಕಿಂತ ಮುಖ್ಯವಾದದ್ದು, ಅವರ ಆಹಾರದ ಉಗ್ರಾಣವನ್ನು ಸ್ಫೋಟಿಸಿದರೆ ಸೈನಿಕರು ಹಸಿದು ಬಳಲುತ್ತಾರೆ, ಮದ್ದುಗುಂಡಿನ ಕೊಠಡಿಯನ್ನು ಸ್ಫೋಟಿಸಿದರೆ ಅವರ ಗುಂಡುಗಳು ಬೇಗ ಮುಗಿಯುತ್ತವೆ. ಹಸಿದವನ ಮುಂದೆ ಕೊಳೆತ ಆಹಾರ ಎಸೆದರೆ ಅದನ್ನೂ ತಿಂದು ಕಾಯಿಲೆ ಬೀಳುತ್ತಾನೆ. ನಾನು ಮಾಡಿದ್ದು ಈ ಲೋಕದಲ್ಲಿ ಉಳಿಯಿತು ಎಂಬ ಭಾವ ಅಲ್ಲಿ ಸಿಗುತ್ತದೆ.

ಅದೇ ಆಟದ ಮುದುಕ ಬೇಟೆಗಾರ ‘ದ ಎಂಡ್’ ಜತೆಗಿನ ಕಾಳಗವನ್ನು ನಾನು ಒಂದು ಭಾನುವಾರ ಇಡೀ ಮಧ್ಯಾಹ್ನ ಆಡಿದೆ. ಅವನು ಕಾಡಿನಲ್ಲಿ ಎಲ್ಲೋ ಮಲಗಿರುತ್ತಾನೆ. ಶಾಖ ತೋರಿಸುವ ಕನ್ನಡಕ ಹಾಕಿ ಅವನ ಹೆಜ್ಜೆಗುರುತುಗಳನ್ನು ಹಿಂಬಾಲಿಸಿದೆ, ದೂರದ ಸದ್ದು ಹಿಡಿಯುವ ಮೈಕನ್ನು ಪೊದೆಗಳತ್ತ ತಿರುಗಿಸಿ ಕಿವಿಗೊಟ್ಟೆ. ಅಲ್ಲಿ ಸ್ಟೆಲ್ತ್ ಯಾವುದು, ಹೊಡೆದಾಟ ಯಾವುದು ಎಂದು ಬೇರೆ ಮಾಡಲು ಬರುವುದಿಲ್ಲ. ಒಂಟಿಕತ್ತಿ ಅವರ ಮಾತಿಗೂ ಇದೇ ನನ್ನ ಉತ್ತರ: ಎರಡೂ ಓದುವಿಕೆಯೇ ಎನ್ನುವುದನ್ನು ಒಪ್ಪಿದೆ, ಆದರೆ ಒಂದು ಓದು ಇನ್ನೊಂದನ್ನು ಅಳಿಸಿಹಾಕಬಾರದು.

ಸಂಜೆ ಪಾಳಿ

ಹೊಸ ಆಟಗಳ ಬೆಲೆಯೂ ಅವು ಕೇಳುವ ಯಂತ್ರದ ಬೆಲೆಯೂ ನನ್ನ ಕೈಗೆ ಎಟಕುವುದಿಲ್ಲ. ಹಳೆಯ ಲ್ಯಾಪ್‌ಟಾಪಿನಲ್ಲಿ, ರಿಯಾಯಿತಿಯ ಸಮಯದಲ್ಲಿ ಕೊಂಡ, ಬಾಡಿಗೆ ಹಂತಕನಾಗಿ ಆಡುವ ‘ಹಿಟ್‌ಮ್ಯಾನ್’ ಆಟವನ್ನು ಎಲ್ಲ ಸೆಟ್ಟಿಂಗ್‌ಗಳನ್ನೂ ಕೆಳಗಿಳಿಸಿ ಮೂರು ವರ್ಷಗಳಿಂದ ಆಡುತ್ತಿದ್ದೇನೆ. ನನಗೆ ಅದೇ ಸಾಕೆನಿಸಿದೆ. ಇಲ್ಲಿ ಯಾರೂ ಮಾರುವೇಷದ ಬಗ್ಗೆ ಮಾತನಾಡಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಕತ್ತಲಿನಲ್ಲಿ ಅಡಗುವುದು ಒಂದು ವಿದ್ಯೆಯಾದರೆ, ಹಾಡುಹಗಲಿನಲ್ಲಿ ನೂರು ಜನರ ನಡುವೆ ‘ಇವನು ಇಲ್ಲಿಯವನೇ’ ಎನ್ನಿಸಿಕೊಂಡು ನಿಲ್ಲುವುದು ಇನ್ನೊಂದು ವಿದ್ಯೆ.

2018ರ ಎರಡನೆಯ ಹಿಟ್‌ಮ್ಯಾನ್‌ನಲ್ಲಿ ಮುಂಬಯಿಯ ಅಧ್ಯಾಯವಿದೆ. ಕೊಲ್ಲಬೇಕಾದ ಮೂವರು ಗುರಿಗಳಲ್ಲಿ ಒಬ್ಬನ ಮುಖ ಯಾರಿಗೂ ಗೊತ್ತಿಲ್ಲ. ಕೊಳೆಗೇರಿಯ ಓಣಿಗಳಲ್ಲಿ ಮಾತುಗಳಿಗೆ ಕಿವಿಗೊಟ್ಟು, ಸುಳಿವು ಕೂಡಿಸಿ, ಆ ಜನಜಂಗುಳಿಯೊಳಗಿಂದ ಅವನನ್ನು ಹೆಕ್ಕಬೇಕು. ಅದೇ ನಗರದಲ್ಲಿ ಇನ್ನೊಬ್ಬ ಬಾಡಿಗೆ ಹಂತಕನೂ ಹೊಂಚು ಹಾಕಿ ಕುಳಿತಿರುತ್ತಾನೆ. ಗುರಿಗಳನ್ನು ಉಪಾಯವಾಗಿ ಅವನ ಬಂದೂಕಿನ ನೇರಕ್ಕೆ ತಂದು ನಿಲ್ಲಿಸಿದರೆ ಗುಂಡು ಹಾರಿಸುವವನು ಅವನೇ. ಎಲ್ಲ ಮುಗಿದಾಗ ನನ್ನ ಕೈಯಲ್ಲಿ ಆಯುಧವೇ ಇರಲಿಲ್ಲ. ನಾನು ಆಡಿದ ಆಟಗಳಲ್ಲಿ ಇಷ್ಟು ತೃಪ್ತಿ ಕೊಟ್ಟ ಗಳಿಗೆ ಇನ್ನೊಂದಿಲ್ಲ.

ಸಿಕ್ಕಿಬೀಳುವ ಪ್ರಶ್ನೆಗೆ ಬರುತ್ತೇನೆ. ಹಿಟ್‌ಮ್ಯಾನ್‌ನಲ್ಲಿ ತೊಟ್ಟ ವೇಷದ ಮೇಲೆ ಅನುಮಾನ ಬಂದರೆ ಆ ವೇಷ ಮಾತ್ರ ಕೆಡುತ್ತದೆ. ಮೂಲೆಗೆ ಹೋಗಿ ಇನ್ನೊಂದನ್ನು ತೊಟ್ಟರೆ ನಾವು ಮತ್ತೆ ಹೊಸಬರು. ಇದೇ ಐಓ ಇಂಟರ್‌ಆ್ಯಕ್ಟಿವ್ ತಂಡ ಈಗ ತರುಣ ಜೇಮ್ಸ್ ಬಾಂಡ್‌ನ ಕತೆಯಾದ ‘007 ಫಸ್ಟ್ ಲೈಟ್’ ಮಾಡುತ್ತಿದೆ. 2026ರ ಮಾರ್ಚ್ 27ಕ್ಕೆ ಎಂದಿದ್ದನ್ನು ಮೇ 27ಕ್ಕೆ ಮುಂದೂಡಿದ್ದಾರೆ. ತೋರಿಸಿದ ದೃಶ್ಯಗಳಲ್ಲಿ ನನ್ನನ್ನು ಸೆಳೆದದ್ದು ಕಾರು ಬೆನ್ನಟ್ಟುವ ಭಾಗವಲ್ಲ. ಬರಬಾರದ ಜಾಗದಲ್ಲಿ ಕಾವಲುಗಾರ ತಡೆದಾಗ ಬಾಂಡ್ ಮಾತಿನಲ್ಲೇ ಏನೋ ಕಟ್ಟಿ ಹೇಳಿ ಜಾರಿಕೊಳ್ಳುತ್ತಾನೆ. ಎದುರಾಳಿ ಕೊಲ್ಲಲು ಮುಂದಾಗುವವರೆಗೆ ಇವನಿಗೆ ಗುಂಡು ಹಾರಿಸುವ ಅನುಮತಿಯೂ ಇಲ್ಲ. ಕಣ್ಣಿಗೆ ಬಿದ್ದ ಮೇಲೂ ಮಾತಿಗೊಂದು ಅವಕಾಶ ಉಳಿಯುತ್ತದೆ ಎಂದರೆ, ನೆರಳುಗಾರ ಅವರು ಕೇಳುತ್ತಿರುವುದು ಇದನ್ನೇ ಅಲ್ಲವೇ?

ಹಾಸನದ ಹುಡುಗಿ

ಬಹಳ ತಡವಾಗಿ ಸೇರುತ್ತಿದ್ದೇನೆ. ಹೊಸ ಆಟವಲ್ಲದಿದ್ದರೂ ಈ ಪ್ರಶ್ನೆಗೆ ಸಂಬಂಧಿಸಿದ ಒಂದನ್ನು ಹೆಸರಿಸಲೇಬೇಕು: 2017ರ ಆಗಸ್ಟಿನಲ್ಲಿ ಬಂದ ‘ಅನ್‌ಚಾರ್ಟೆಡ್: ದ ಲಾಸ್ಟ್ ಲೆಗಸಿ’. ಕ್ಲೋಯಿ ಫ್ರೇಜರ್ ಮತ್ತು ನಾಡೀನ್ ರಾಸ್ ಗಣೇಶನ ದಂತವನ್ನು ಹುಡುಕುತ್ತ ಬರುವುದು ನಮ್ಮ ಪಶ್ಚಿಮಘಟ್ಟಗಳಿಗೆ, ಹೊಯ್ಸಳರ ಅವಶೇಷಗಳಿಗೆ. ಹಳೇಬೀಡು, ಬೇಲೂರು ಎಂಬ ಹೆಸರುಗಳು ಒಂದು ದೊಡ್ಡ ಆಟದಲ್ಲಿ ಕೇಳಿಬಂದಾಗ ಕಂಟ್ರೋಲರ್ ಕೆಳಗಿಟ್ಟು ಅಮ್ಮನನ್ನು ಕರೆದು ತೋರಿಸಿದ್ದೆ. ಅದರಲ್ಲಿ ಬರುವ ಬೆಟ್ಟದೆತ್ತರದ ಪ್ರತಿಮೆಗಳು ನಮ್ಮ ಹೊಯ್ಸಳ ದೇಗುಲಗಳಲ್ಲಿಲ್ಲ. ನಮ್ಮ ಶಿಲ್ಪಿಗಳ ಹಿರಿಮೆ ಇರುವುದು ಬಳಪದ ಕಲ್ಲಿನಲ್ಲಿ ಬೆರಳುಗಾತ್ರದ ಆಭರಣವನ್ನೂ ಬಿಡಿಸಿ ಕೆತ್ತಿದ ಸೂಕ್ಷ್ಮದಲ್ಲಿ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ಯುನೆಸ್ಕೋ ಪಟ್ಟಿ ಸೇರಿದ ಮೇಲಾದರೂ ಯಾವುದಾದರೂ ತಂಡ ಆ ಸೂಕ್ಷ್ಮವನ್ನು ಹತ್ತಿರದಿಂದ ನೋಡಲಿ ಎಂಬ ಆಸೆ ನನಗಿದೆ.

ಈಗ ವಿಷಯಕ್ಕೆ. ಆ ಆಟವನ್ನು ಯಾರೂ ಸ್ಟೆಲ್ತ್ ಆಟ ಎನ್ನುವುದಿಲ್ಲ. ಆದರೂ ಎತ್ತರದ ಹುಲ್ಲಿನಲ್ಲಿ ತೆವಳಿ ಇಬ್ಬರನ್ನು ಕೆಡವಿ, ಮೂರನೆಯವನ ಕಣ್ಣಿಗೆ ಬಿದ್ದು, ಗುಂಡು ಹಾರಿಸುತ್ತ ಓಡಿ, ಪಾಳುಗೋಡೆಯ ಹಿಂದೆ ಮರೆಯಾಗಿ, ಅವರು ನನ್ನನ್ನು ಕಳೆದುಕೊಂಡಾಗ ಮತ್ತೆ ಹುಲ್ಲಿಗೆ ಸರಿಯಬಹುದು. ಒಂದೇ ಕಾಳಗದಲ್ಲಿ ಮೂರು ಸಲ ಕಾಣಿಸಿ ಮೂರು ಸಲ ಮಾಯವಾಗಿದ್ದೇನೆ. ಇದಕ್ಕೆ ಎದುರಾದ ಉದಾಹರಣೆ 2024ರ ‘ಸ್ಟಾರ್ ವಾರ್ಸ್ ಔಟ್‌ಲಾಸ್’. ಅದರ ಕೆಲವು ಘಟ್ಟಗಳಲ್ಲಿ ಕಣ್ಣಿಗೆ ಬಿದ್ದ ಕೂಡಲೇ ಕಾರ್ಯ ವಿಫಲವೆಂದು ತೋರಿಸಿ ಮೊದಲಿಗೇ ಕಳುಹಿಸುತ್ತಿದ್ದರು. ಆಟಗಾರರು ಬೇಸರ ಹೇಳಿಕೊಂಡರು; ನವೆಂಬರಿನ ಪರಿಷ್ಕರಣೆಯಲ್ಲಿ ತಂಡವು ಆ ಕಡ್ಡಾಯವನ್ನು ಬಹುಪಾಲು ತೆಗೆದುಹಾಕಿ, ಸಿಕ್ಕಿಬಿದ್ದರೆ ಹೊಡೆದಾಡಿ ಮುಂದುವರಿಯಲು ಬಿಟ್ಟಿತು. ಆಟಗಾರರ ಮಾತಿಗೆ ಕಿವಿಗೊಟ್ಟದ್ದು ಒಳ್ಳೆಯದೇ, ಆದರೆ ಅಷ್ಟೊತ್ತಿಗೆ ಬಹಳ ಜನ ಆ ಆಟವನ್ನು ಬಿಟ್ಟಾಗಿತ್ತು.

ತೊಂಬತ್ತೆಂಟರ ಕಳ್ಳ

ನೆರಳುಗಾರ ಅವರೇ, ನಿಮಗೊಂದು ಸಲಹೆ. ಶ್ಯಾಡೋಸ್‌ನ ಸೆಟ್ಟಿಂಗ್‌ಗಳಿಗೆ ಹೋಗಿ ಸ್ಟೆಲ್ತ್ ಮಟ್ಟವನ್ನು ಎಕ್ಸ್‌ಪರ್ಟ್‌ಗೆ ಏರಿಸಿ. ಆ ಮಟ್ಟದಲ್ಲಿ ಕಾವಲುಗಾರರು ಚಾವಣಿಯ ಮೇಲಿರುವವರನ್ನೂ ಕಾಣಬಲ್ಲರು. ಜತೆಗೆ, ಮರೆಯಿಂದ ಹೊಡೆದ ಏಟು ಯಾರನ್ನಾದರೂ ಒಂದೇ ಸಲಕ್ಕೆ ಕೆಡವುವ ಆಯ್ಕೆಯನ್ನು ಆನ್ ಮಾಡಿ. ಮೊದಲನೆಯದರಿಂದ ನೀವು ಕಾಣಿಸಿಕೊಳ್ಳುವ ಅಪಾಯ ಹೆಚ್ಚುತ್ತದೆ, ಎರಡನೆಯದರಿಂದ ನಿಮ್ಮ ತಾಳ್ಮೆಗೆ ತಕ್ಕ ಫಲ ಸಿಗುತ್ತದೆ. ರಾತ್ರಿ ಹೊತ್ತು ಹಿಮೆಜಿ ಕೋಟೆಗೆ ಹೋಗಿ ನೋಡಿ, ಆಮೇಲೆ ಬಂದು ಬರೆಯಿರಿ.

ನೆರಳುಗಾರ

ಕಳ್ಳ ಅವರು ಹೇಳಿದಂತೆಯೇ ಎರಡೂ ಬದಲಾವಣೆ ಮಾಡಿಕೊಂಡು ನಿನ್ನೆ ರಾತ್ರಿ ಹಿಮೆಜಿಗೆ ಹೋದೆ. ಮೊದಲ ಪ್ರಾಕಾರ ದಾಟಲು ನನಗೆ ನಲವತ್ತು ನಿಮಿಷ ಬೇಕಾಯಿತು. ಚಾವಣಿಗಳು ಸುರಕ್ಷಿತ ಎಂಬ ನಂಬಿಕೆ ಹೋದ ಮೇಲೆ ಚಾವಣಿಯ ಏಣನ್ನು ದಾಟುವಾಗಲೂ ಮಲಗಿ ತೆವಳಬೇಕಾಯಿತು, ಅಂಗಳದ ಒಂದೊಂದು ದೀಪವೂ ಲೆಕ್ಕಕ್ಕೆ ಬಂತು. ಒಬ್ಬ ಕಾವಲುಗಾರ ತಲೆಯೆತ್ತಿ ನಾನಿದ್ದ ಕಡೆಗೇ ನೋಡುತ್ತ ನಿಂತ. ಸೂಚಕ ಅರ್ಧ ತುಂಬಿತು. ನಾನು ಗುಂಡಿಗಳಿಂದ ಬೆರಳು ತೆಗೆದು ಸುಮ್ಮನೆ ಕಾದೆ, ಅವನು ಎರಡು ಹೆಜ್ಜೆ ಮುಂದೆ ಬಂದ, ಮತ್ತೆ ನೋಡಿದ, ಹಿಂದಿರುಗಿದ. ನೀವು ಹೇಳಿದ ಆ ಹತ್ತು ಸೆಕೆಂಡುಗಳು ಇಲ್ಲಿಯೂ ಇವೆ. ಇಷ್ಟು ದಿನ ಚಾವಣಿಯ ಮೇಲೆ ಓಡಾಡುತ್ತಿದ್ದ ನಾನು ಅವುಗಳನ್ನು ಎದುರಿಸಿಯೇ ಇರಲಿಲ್ಲ.

ಮೂರನೆಯ ಪ್ರಾಕಾರದಲ್ಲಿ ಸಿಕ್ಕಿಬಿದ್ದೆ. ಗಂಟೆ ಬಾರಿಸಿದರು, ಓಡಿದೆ, ಹೊರಗೋಡೆಯ ಆಚೆ ಹುಲ್ಲಿನಲ್ಲಿ ಕುಳಿತು ಕಾದೆ. ಅವರು ಎಂದಿನಂತೆ ಎಲ್ಲವನ್ನೂ ಮರೆತು ಗಸ್ತಿಗೆ ಮರಳಿದರು, ಆ ದೂರು ನನ್ನಲ್ಲಿ ಹಾಗೆಯೇ ಉಳಿದಿದೆ. ಹಳೆಯ ಸೇವ್‌ಗೆ ಮಾತ್ರ ಹೋಗಲಿಲ್ಲ. ಒಳಗೆ ನಾನು ಆರಿಸಿ ಬಂದ ದೀಪಗಳ ಸಾಲು ಇನ್ನೂ ಕತ್ತಲಾಗಿಯೇ ಇತ್ತು. ಅದೇ ದಾರಿ ಹಿಡಿದು ಮತ್ತೆ ಒಳಹೊಕ್ಕೆ.